ಫ್ಲ್ಯಾಟ್‌ನ ಪಾರ್ಕಿಂಗ್ ಜಾಗಕ್ಕೆ ಹಣ ಕಟ್ಟುವ ಮುನ್ನ

ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟ್ ನೋಡಲು ಹೋದವರಿಗೆ ಬಿಲ್ಡರ್‌ನ ಮಾರಾಟ ಕಚೇರಿಯಲ್ಲಿ ಒಂದು ಕಾಸ್ಟ್ ಶೀಟ್ ಕೊಡುತ್ತಾರೆ. ಚದರಡಿ ದರ, ಮಹಡಿ ಏರಿದಂತೆ ಏರುವ ಹೆಚ್ಚುವರಿ, ಕ್ಲಬ್‌ಹೌಸ್, ಬೆಸ್ಕಾಂ ಮತ್ತು ಜಲಮಂಡಳಿಯ ಠೇವಣಿ ಇವುಗಳ ನಡುವೆ ‘ಕವರ್ಡ್ ಕಾರ್ ಪಾರ್ಕಿಂಗ್’ ಎಂಬ ಒಂದು ಸಾಲು, ಅದರ ಮುಂದೆ ಕೆಲವು ಲಕ್ಷ ರೂಪಾಯಿಗಳ ಮೊತ್ತ ಇರುತ್ತದೆ. ಚದರಡಿಗೆ ಐವತ್ತು ರೂಪಾಯಿ ಇಳಿಸಲು ವಾರಗಟ್ಟಲೆ ಚೌಕಾಸಿ ಮಾಡುವವರು ಈ ಸಾಲಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕುವುದನ್ನು, ಒಂದು ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನ ಲೆಕ್ಕಪತ್ರ ನೋಡಿಕೊಂಡಿದ್ದ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆಮೇಲೆ ಅಸೋಸಿಯೇಷನ್‌ಗೆ ಬರುವ ದೂರುಗಳಲ್ಲಿ ನೀರಿನ ನಂತರದ ಸ್ಥಾನ ಪಾರ್ಕಿಂಗ್‌ನದೇ.

ಬೆಲೆಯ ಮಾತಿಗೆ ಮೊದಲು, ಆ ಹಣಕ್ಕೆ ಪ್ರತಿಯಾಗಿ ಏನು ಸಿಗುತ್ತದೆ ಎಂಬುದು ಸ್ಪಷ್ಟವಾಗಬೇಕು. ನೀವು ಕೊಳ್ಳುತ್ತಿರುವುದು ಹೆಚ್ಚಿನ ಸಂದರ್ಭಗಳಲ್ಲಿ ನೆಲವನ್ನಲ್ಲ, ಒಂದು ಗೊತ್ತುಪಡಿಸಿದ ಜಾಗದಲ್ಲಿ ವಾಹನ ನಿಲ್ಲಿಸುವ ಹಕ್ಕನ್ನು ಮಾತ್ರ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯು ಬೇಸ್‌ಮೆಂಟ್, ಅಂಗಳ, ಉದ್ಯಾನಗಳ ಜೊತೆಗೆ ಪಾರ್ಕಿಂಗ್ ಪ್ರದೇಶವನ್ನೂ ಸಾಮಾನ್ಯ ಪ್ರದೇಶಗಳ ಪಟ್ಟಿಯಲ್ಲಿ ಸೇರಿಸಿದೆ. ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸಲು ನೋಂದಾಯಿಸುವ ಘೋಷಣಾ ಪತ್ರದಲ್ಲಿ ನಮೂದಿಸಿದರೆ ಅದರ ಕೆಲವು ಭಾಗಗಳನ್ನು ನಿರ್ದಿಷ್ಟ ಫ್ಲ್ಯಾಟ್‌ಗಳ ಬಳಕೆಗಷ್ಟೇ ಮೀಸಲಿಡಲು ಅವಕಾಶ ನೀಡಿದೆ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯೂ ತೆರೆದ ಪಾರ್ಕಿಂಗ್ ಪ್ರದೇಶವನ್ನು ಸಾಮಾನ್ಯ ಪ್ರದೇಶವೆಂದೇ ಹೇಳುತ್ತದೆ. ಅದರ ಪ್ರಕಾರ ‘ಗ್ಯಾರೇಜ್’ ಎನ್ನಿಸಿಕೊಳ್ಳಲು ಮೇಲೆ ಸೂರು, ಮೂರು ಕಡೆ ಗೋಡೆ ಇರಬೇಕು. ಆದ್ದರಿಂದ ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ಹಳದಿ ಗೆರೆ ಎಳೆದು, ಅದಕ್ಕೊಂದು ಸಂಖ್ಯೆ ಕೊಟ್ಟು, ‘ಓಪನ್ ಪಾರ್ಕಿಂಗ್’ ಹೆಸರಿನಲ್ಲಿ ಹಣ ಕೇಳಿದರೆ ಕೊಡಬೇಕಾಗಿಲ್ಲ. ಆ ಜಾಗದಲ್ಲಿ ಎಲ್ಲ ಮಾಲೀಕರಿಗೂ ಪಾಲಿದೆ.

ಕಂಬಗಳ ಮೇಲೆ ಕಟ್ಟಡ ನಿಲ್ಲಿಸಿ ಅದರಡಿ ಬಿಡುವ ಸ್ಟಿಲ್ಟ್ ಪಾರ್ಕಿಂಗ್‌ನ ವಿಷಯ ಇಷ್ಟು ಸರಳವಾಗಿಲ್ಲ. ಮುಂಬೈನ ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಆಗಸ್ಟ್ 31ರಂದು, ಸ್ಟಿಲ್ಟ್ ಪಾರ್ಕಿಂಗ್ ಜಾಗವು ಗ್ಯಾರೇಜ್ ಅಲ್ಲ, ಅದನ್ನು ಫ್ಲ್ಯಾಟ್‌ನಿಂದ ಬೇರ್ಪಡಿಸಿ ಸ್ವತಂತ್ರ ಘಟಕವಾಗಿ ಮಾರುವಂತಿಲ್ಲ ಎಂದು ತೀರ್ಪು ನೀಡಿತು. ಅದು ಮಹಾರಾಷ್ಟ್ರದ 1963ರ ಕಾಯ್ದೆಯನ್ನು ಆಧರಿಸಿದ ತೀರ್ಪು ಎಂಬುದನ್ನು ಮರೆಯಬಾರದು. ರೇರಾದಡಿ ಬಂದ ಮಾದರಿ ಮಾರಾಟ ಕರಾರು ‘ಕವರ್ಡ್ ಪಾರ್ಕಿಂಗ್’ ಎಂಬ ಪದವನ್ನೇ ಬಳಸುವುದರಿಂದ ಬಿಲ್ಡರ್‌ಗಳು ಅದಕ್ಕೆ ದರ ವಿಧಿಸುತ್ತಲೇ ಇದ್ದಾರೆ. ಆದರೆ ಅದೇ ಮಾದರಿ ಕರಾರು ಫ್ಲ್ಯಾಟ್ ಮತ್ತು ಅದರ ಪಾರ್ಕಿಂಗ್ ಎರಡೂ ಸೇರಿ ಬೇರ್ಪಡಿಸಲಾಗದ ಒಂದೇ ಘಟಕ ಎಂದೂ ಹೇಳುತ್ತದೆ. ನನ್ನ ಅನುಭವದಲ್ಲಿ, ಕೊಳ್ಳುವವರು ದರ ವಿಧಿಸಬಹುದೇ ಎಂಬ ವಾದಕ್ಕಿಳಿದು ಗೆಲ್ಲುವುದು ಅಪರೂಪ. ಕೊಟ್ಟ ಹಣಕ್ಕೆ ಸರಿಯಾದ ಕಾಗದ ಪಡೆಯುವುದರಲ್ಲಿ ಹಟ ಹಿಡಿದರೆ ಫಲವಿದೆ.

ಹಾಗಾಗಿ ಮೊದಲ ಕೆಲಸ, ಕಾಗದ ನೋಡುವುದು. ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ, ಮಂಜೂರಾದ ನಕ್ಷೆಯನ್ನು ಇಳಿಸಿಕೊಳ್ಳಿ. ಬೇಸ್‌ಮೆಂಟ್‌ನ ಹಾಳೆಯಲ್ಲಿ ಪಾರ್ಕಿಂಗ್ ಚೌಕಗಳನ್ನು ಎಣಿಸಿ, ಫ್ಲ್ಯಾಟ್‌ಗಳ ಸಂಖ್ಯೆಯೊಂದಿಗೆ ಹೋಲಿಸಿ. ಅತಿಥಿಗಳ ವಾಹನಕ್ಕೆ ಬಿಡಬೇಕಾದ ಜಾಗವನ್ನು, ಅಥವಾ ಅಗ್ನಿಶಾಮಕ ವಾಹನ ಕಟ್ಟಡವನ್ನು ಸುತ್ತಿ ಬರಲು ಬಿಟ್ಟ ದಾರಿಯನ್ನು ಯಾರದೋ ಹೆಸರಿಗೆ ಹಂಚಿದ್ದಾರೆಯೇ ಎಂಬುದು ಈ ಎಣಿಕೆಯಲ್ಲಿಯೇ ಬಯಲಾಗುತ್ತದೆ. ಎಷ್ಟು ಗ್ಯಾರೇಜ್‌ಗಳು ಬುಕ್ ಆಗಿವೆ ಎಂಬ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಪರಿಷ್ಕರಿಸುವುದು ರೇರಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಬಿಲ್ಡರ್‌ನ ಕರ್ತವ್ಯ. ಅದನ್ನೂ ಒಮ್ಮೆ ತೆರೆದು ನೋಡಿ. ನೋಂದಾಯಿತ ಕರಾರು ಆಗುವ ಮೊದಲು ಫ್ಲ್ಯಾಟ್‌ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬ 13ನೇ ಸೆಕ್ಷನ್ ನಿಮಗೆ ಈ ಪರಿಶೀಲನೆಗೆ ಸಮಯ ಒದಗಿಸುತ್ತದೆ.

ಎರಡನೆಯದು, ಅಳತೆ. ನಕ್ಷೆಗಳಲ್ಲಿ ಒಂದು ಕಾರಿನ ಜಾಗವನ್ನು ಸಾಮಾನ್ಯವಾಗಿ 2.5 ಮೀಟರ್ ಅಗಲ, 5.5 ಮೀಟರ್ ಉದ್ದ, ಅಂದರೆ 13.75 ಚದರ ಮೀಟರ್ ಎಂದು ತೋರಿಸಿರುತ್ತಾರೆ. ಕಾಗದದ ಮೇಲೆ ಇದು ಸಾಕಷ್ಟು ವಿಶಾಲವಾಗಿಯೇ ಕಾಣುತ್ತದೆ. ಆದರೆ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬ ಮಾಲೀಕರು ತಮ್ಮ ಸ್ಲಾಟ್‌ನಲ್ಲಿ ಕಾರು ನಿಲ್ಲಿಸಿ, ಬಾಗಿಲು ತೆರೆಯಲಾಗದೆ ಫೋನ್ ಮಾಡಿದಾಗ ನಾನೂ ಕಾವಲುಗಾರರೂ ಟೇಪು ಹಿಡಿದು ಕೆಳಗಿಳಿದೆವು. ಎರಡು ಕಂಬಗಳ ನಡುವಿನ ನಿಜವಾದ ತೆರವು 2.28 ಮೀಟರ್ ಇತ್ತು. ಉಳಿದ 22 ಸೆಂಟಿಮೀಟರ್ ಕಂಬಗಳ ಗಾರೆಯಲ್ಲಿ ಸೇರಿಹೋಗಿತ್ತು. ಅವರ ಇನ್ನೋವಾ ಕ್ರಿಸ್ಟಾದ ಅಗಲ, ಕನ್ನಡಿಗಳನ್ನು ಬಿಟ್ಟು, 1.83 ಮೀಟರ್. ಕಾರನ್ನು ನಟ್ಟ ನಡುವೆ ನಿಲ್ಲಿಸಿದರೂ ಒಂದೊಂದು ಬದಿಗೆ ಉಳಿಯುವುದು ಸುಮಾರು ಒಂದು ಗೇಣು. ಆ ಸಂದಿನಲ್ಲಿ ಮೈ ಹಿಡಿ ಮಾಡಿ ನುಸುಳಿ ಹೊರಬಂದ ಆ ಹಿರಿಯರ ಅಂಗಿಯ ಬೆನ್ನಿಗೆ ಕಂಬದ ಸುಣ್ಣವೆಲ್ಲ ಮೆತ್ತಿಕೊಂಡಿತ್ತು.

ಆದ್ದರಿಂದ ಸ್ಲಾಟ್ ಒಪ್ಪಿಕೊಳ್ಳುವ ಮೊದಲು ಟೇಪು ತೆಗೆದುಕೊಂಡು ಹೋಗಿ ಕಂಬದ ಮುಖದಿಂದ ಮುಖಕ್ಕೆ ಅಳೆಯಿರಿ. ತಲೆ ಎತ್ತಿ ತೊಲೆಯ ಕೆಳಗಿನ ಎತ್ತರವನ್ನೂ, ಮೇಲೆ ಹಾದುಹೋಗುವ ಒಳಚರಂಡಿಯ ಕೊಳವೆಗಳನ್ನೂ ನೋಡಿ. ಸಿಮೆಂಟಿನ ಸುಣ್ಣ ಬೆರೆತ ನೀರು ತೊಟ್ಟಿಕ್ಕಿ ಬಾನೆಟ್ ಮೇಲೆ ಬೀಳಿಸುವ ಬಿಳಿ ಕಲೆ ಪಾಲಿಶ್ ಹಾಕಿದರೂ ಸುಲಭಕ್ಕೆ ಹೋಗುವುದಿಲ್ಲ. ಇಳಿಜಾರಿನ ತಿರುವಿನಲ್ಲಿರುವ ಸ್ಲಾಟ್‌ಗೆ ಹಿಂದೆ ಮುಂದೆ ನಾಲ್ಕು ಸಲ ಹೋಗದೆ ನುಗ್ಗಲಾಗುವುದಿಲ್ಲ. ಕೆರೆಯಂಚಿನ ಅಥವಾ ತಗ್ಗು ಪ್ರದೇಶದ ಯೋಜನೆಯಾಗಿದ್ದರೆ ಕೆಳಗಿನ ಬೇಸ್‌ಮೆಂಟ್ ಬೇಡವೆಂದೇ ನಾನು ಹೇಳುತ್ತೇನೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮಹಾರಾಷ್ಟ್ರದ ರೇರಾ ಪ್ರಾಧಿಕಾರವು 2024ರ ಏಪ್ರಿಲ್‌ನಲ್ಲಿ, ಪಾರ್ಕಿಂಗ್‌ನ ಸಂಖ್ಯೆ, ಉದ್ದ, ಅಗಲ, ಎತ್ತರ, ಇರುವ ಸ್ಥಳ ಇವೆಲ್ಲವನ್ನೂ ಕರಾರಿನ ಅನುಬಂಧದಲ್ಲಿ ಬರೆಯುವುದನ್ನು ಕಡ್ಡಾಯ ಮಾಡಿತು. ಅದೇ ನಮೂನೆಯನ್ನು ಬಿಲ್ಡರ್‌ನ ಮುಂದಿಟ್ಟು ನಮಗೂ ಹೀಗೆ ಬರೆದುಕೊಡಿ ಎಂದು ಇಲ್ಲಿಯವರೂ ಕೇಳಬಹುದು. ಕೇಳಿದವರಿಗೆ ಕೆಲವರು ಬರೆದುಕೊಟ್ಟಿದ್ದಾರೆ.

ಈಗ ಲೆಕ್ಕ. ಫ್ಲ್ಯಾಟ್‌ನ ಬೆಲೆ 48 ಲಕ್ಷ, ಪಾರ್ಕಿಂಗ್‌ಗೆ 4 ಲಕ್ಷ ಎಂದು ಇಟ್ಟುಕೊಳ್ಳೋಣ. ನಿರ್ಮಾಣ ಹಂತದ ಫ್ಲ್ಯಾಟ್‌ಗೆ 2019ರ ಏಪ್ರಿಲ್ 1ರಿಂದ ಜಿಎಸ್‌ಟಿ ಶೇ 5, ಕೈಗೆಟುಕುವ ವಸತಿಯ ವ್ಯಾಖ್ಯೆಗೆ ಒಳಪಟ್ಟಿದ್ದರೆ ಶೇ 1. ಪಾರ್ಕಿಂಗ್ ಅನ್ನು ಫ್ಲ್ಯಾಟ್‌ನ ಬೆಲೆಯೊಂದಿಗೇ ಸೇರಿಸಿದರೆ ಅದರ ಪಾಲಿನ ತೆರಿಗೆ 20,000 ರೂಪಾಯಿ. ಆದರೆ ಪಾರ್ಕಿಂಗ್ ಹಕ್ಕು ಫ್ಲ್ಯಾಟ್‌ನಿಂದ ಪ್ರತ್ಯೇಕವಾದ ಸೇವೆ, ಅದಕ್ಕೆ ಶೇ 18 ತೆರಿಗೆ ಎಂದು ತೆರಿಗೆ ಎಷ್ಟೆಂದು ಕೇಳಿದವರಿಗೆ ಮೊದಲೇ ತಿಳಿಸುವ ಪಶ್ಚಿಮ ಬಂಗಾಳದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರ ಹೇಳಿದೆ. ಅಂಥ ತೀರ್ಪು ಅರ್ಜಿ ಹಾಕಿದವರಿಗೆ ಮಾತ್ರ ಅನ್ವಯಿಸುತ್ತದೆಯಾದರೂ, ಅದನ್ನು ತೋರಿಸಿ ಪ್ರತ್ಯೇಕ ಸಾಲಿಗೆ ಶೇ 18 ಹಾಕುವ ಬಿಲ್ಡರ್ ಸಿಕ್ಕರೆ ಇದೇ 20,000 ರೂಪಾಯಿ 72,000 ಆಗುತ್ತದೆ. ಆದ್ದರಿಂದ ಕಾಸ್ಟ್ ಶೀಟ್ ಕೈಗೆ ಬಂದ ದಿನವೇ, ಪಾರ್ಕಿಂಗ್ ಅನ್ನು ಒಟ್ಟು ಬೆಲೆಯೊಳಗೆ ಸೇರಿಸಿ ಒಂದೇ ಮೊತ್ತ ಬರೆಯಿರಿ ಎಂದು ಕೇಳುವುದು ಲಾಭದಾಯಕ.

ಹಾಗೆ ಸೇರಿಸಿದಾಗ ಇನ್ನೊಂದು ಗೆರೆಯನ್ನೂ ಗಮನಿಸಬೇಕು. 50 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಆಸ್ತಿ ಕೊಳ್ಳುವವರು ಮಾರುವವರಿಗೆ ಕೊಡುವ ಹಣದಲ್ಲಿ ಶೇ 1ರಷ್ಟು ಮೂಲದಲ್ಲೇ ತೆರಿಗೆ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು. 2019ರ ಸೆಪ್ಟೆಂಬರ್ 1ರಿಂದ ಈ ಲೆಕ್ಕದಲ್ಲಿ ಪಾರ್ಕಿಂಗ್, ಕ್ಲಬ್ ಸದಸ್ಯತ್ವ, ನಿರ್ವಹಣಾ ಶುಲ್ಕ ಎಲ್ಲವೂ ಸೇರುತ್ತವೆ. ಫ್ಲ್ಯಾಟ್‌ನ ಬೆಲೆ 48 ಲಕ್ಷವೇ ತಾನೆ ಎಂದು ಸುಮ್ಮನಿದ್ದವರ ಒಟ್ಟು ಮೊತ್ತ 52 ಲಕ್ಷವಾಗಿ, 52,000 ರೂಪಾಯಿ ಕಡಿತ ಮಾಡದ ತಪ್ಪಿಗೆ ಬಡ್ಡಿಯ ನೋಟಿಸ್ ಬರಬಹುದು. ಈ ಹಣ ನಿಮ್ಮ ಮೇಲೆ ಬೀಳುವ ಹೆಚ್ಚುವರಿ ಹೊರೆಯಲ್ಲ, ಮಾರುವವರಿಗೆ ಸಲ್ಲಬೇಕಾದದ್ದರಲ್ಲಿ ಕಳೆಯುವಂಥದ್ದು. ಆದರೆ ಕಳೆಯುವ ಜವಾಬ್ದಾರಿ ನಿಮ್ಮದು.

ನೋಂದಣಿಯ ದಿನ ಕ್ರಯಪತ್ರದಲ್ಲಿ ಬರುವ ಮೊತ್ತಕ್ಕೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ನಗರದ ಸರ್‌ಚಾರ್ಜ್ ಸೇರಿ ಶೇ 5.6, ಜೊತೆಗೆ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕ, ಹೀಗೆ ಒಟ್ಟು ಶೇ 7.6 ಆಗುತ್ತದೆ. ನಮ್ಮ 4 ಲಕ್ಷದ ಪಾರ್ಕಿಂಗ್‌ನ ಪಾಲು 30,400 ರೂಪಾಯಿ. ಈ ಖರ್ಚನ್ನು ಉಳಿಸಲು ಪಾರ್ಕಿಂಗ್ ಹಣವನ್ನು ಕ್ರಯಪತ್ರದ ಹೊರಗಿಡೋಣ, ರಸೀದಿ ಕೊಡುತ್ತೇವೆ ಎಂದು ಸಲಹೆ ಕೊಡುವವರು ಮಾರಾಟ ಕಚೇರಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರ ಮಾತನ್ನು ಕೇಳಬೇಡಿ. ಮೂವತ್ತು ಸಾವಿರ ಉಳಿಸಲು ಹೋಗಿ, ನಾಲ್ಕು ಲಕ್ಷ ಕೊಟ್ಟ ಹಕ್ಕಿಗೆ ನೋಂದಾಯಿತ ಆಧಾರವೇ ಇಲ್ಲದಂತೆ ಮಾಡಿಕೊಂಡವರ ಕಡತಗಳು ನಮ್ಮ ಅಸೋಸಿಯೇಷನ್‌ನ ಬೀರುವಿನಲ್ಲಿ ಇವೆ. ಕ್ರಯಪತ್ರದ ಷೆಡ್ಯೂಲ್‌ನಲ್ಲಿ ಸ್ಲಾಟ್‌ನ ಸಂಖ್ಯೆ, ಯಾವ ಬೇಸ್‌ಮೆಂಟ್, ಅಳತೆ, ಮತ್ತು ಅದು ಈ ಫ್ಲ್ಯಾಟ್‌ನ ಪ್ರತ್ಯೇಕ ಬಳಕೆಗೆ ಎಂಬ ಮಾತು ಬರಲೇಬೇಕು. ‘ಒಂದು ಕಾರ್ ಪಾರ್ಕಿಂಗ್’ ಎಂದಷ್ಟೇ ಬರೆದಿದ್ದರೆ ಅದು ಯಾವ ಜಾಗ ಎಂಬುದನ್ನು ನಾಳೆ ಬೇರೆಯವರು ತೀರ್ಮಾನಿಸುತ್ತಾರೆ.

ಗೃಹಸಾಲದಲ್ಲಿ ಸೇರಿದರೆ ಇದೇ 4 ಲಕ್ಷ, ಶೇ 8.5 ಬಡ್ಡಿ ಮತ್ತು 20 ವರ್ಷದ ಅವಧಿಗೆ, ತಿಂಗಳಿಗೆ ಸುಮಾರು 3,471 ರೂಪಾಯಿ ಕಂತು, ಕೊನೆಗೆ ಕಟ್ಟುವ ಒಟ್ಟು ಮೊತ್ತ ಸುಮಾರು 8.33 ಲಕ್ಷ. ಎರಡನೇ ಸ್ಲಾಟ್ ಬೇಕೇ ಎಂದು ಯೋಚಿಸುವವರು ಹೋಲಿಸಬೇಕಾದ ಅಂಕಿ ಇದು. ಅದೇ ಅಪಾರ್ಟ್‌ಮೆಂಟ್‌ನಲ್ಲಿ ಕಾರಿಲ್ಲದ ಮಾಲೀಕರಿಂದ ತಿಂಗಳ ಬಾಡಿಗೆಗೆ ಸ್ಲಾಟ್ ಸಿಗುವುದಾದರೆ, ಮತ್ತು ಅಸೋಸಿಯೇಷನ್‌ನ ಬೈಲಾ ಅದನ್ನು ಒಪ್ಪುವುದಾದರೆ, ಎರಡನೆಯದನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ಪಡೆಯುವುದೇ ಮೇಲು. ಮೊದಲ ಸ್ಲಾಟ್‌ನ ವಿಷಯದಲ್ಲಿ ಹಾಗೆನ್ನಲಾರೆ. ಪಾರ್ಕಿಂಗ್ ಇಲ್ಲದ ಮೂರು ಮಲಗುಕೋಣೆಯ ಫ್ಲ್ಯಾಟ್ ಮಾರಲು ಹೊರಟವರು ಪಡುವ ಪಾಡು ಕಂಡಿದ್ದೇನೆ.

ಕಾರುಗಳನ್ನು ಒಂದರ ಮೇಲೊಂದು ನಿಲ್ಲಿಸುವ ಯಂತ್ರದ ಸ್ಟ್ಯಾಕ್ ಪಾರ್ಕಿಂಗ್ ಇರುವಲ್ಲಿ ಮೇಲಿನ ತಟ್ಟೆ ನಿಮ್ಮದೋ ಕೆಳಗಿನದೋ, ಕೆಟ್ಟರೆ ದುರಸ್ತಿಯ ಖರ್ಚು ಇಬ್ಬರದೋ ಎಲ್ಲರದೋ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಿದ್ಯುತ್ ಕಾರು ಇದ್ದರೆ, ನಿಮ್ಮ ಮೀಟರ್‌ನಿಂದ ಸ್ಲಾಟ್‌ನವರೆಗೆ ಕೇಬಲ್ ಎಳೆಯಲು ದಾರಿ ಇದೆಯೇ ಎಂದು ಕೇಳಿ. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ಬೈಲಾಗಳಿಗೆ ತಿದ್ದುಪಡಿ ತಂದು ಪಾರ್ಕಿಂಗ್ ಸಾಮರ್ಥ್ಯದ ಶೇ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಎಂದಿದ್ದರೂ, ಹಳೆಯ ಕಟ್ಟಡಗಳಲ್ಲಿ ಇದು ಅಸೋಸಿಯೇಷನ್ ಸಭೆಯಲ್ಲಿ ಬಗೆಹರಿಯಬೇಕಾದ ವಿಷಯ.

ಹಳೆಯ ಫ್ಲ್ಯಾಟ್ ಕೊಳ್ಳುವವರ ದಾರಿ ಸ್ವಲ್ಪ ಬೇರೆ. ಮಾರುವವರು ತೋರಿಸುವ ಸ್ಲಾಟ್ ಅವರ ಕ್ರಯಪತ್ರದಲ್ಲಿದೆಯೇ, ಅಥವಾ ಬಿಲ್ಡರ್ ಕೊಟ್ಟ ಹಂಚಿಕೆ ಪತ್ರದಲ್ಲಿ ಮಾತ್ರ ಇದೆಯೇ ಎಂದು ಮೊದಲು ನೋಡಬೇಕು. ಪತ್ರ ಮಾತ್ರ ಇದ್ದರೆ ಅದೊಂದನ್ನೇ ನಂಬಿ ಬೆಲೆ ಏರಿಸಿಕೊಳ್ಳಬೇಡಿ. ಮುಂಗಡ ಕೊಡುವ ಮೊದಲು ಅಸೋಸಿಯೇಷನ್‌ನಿಂದ ಅದರ ಲೆಟರ್‌ಹೆಡ್ ಮೇಲೆ, ಈ ಫ್ಲ್ಯಾಟ್‌ಗೆ ಈ ಸಂಖ್ಯೆಯ ಸ್ಲಾಟ್ ತಮ್ಮ ದಾಖಲೆಯಲ್ಲಿದೆ, ಅದರ ಮೇಲೆ ಬೇರೆ ಯಾರ ತಕರಾರೂ ಇಲ್ಲ, ನಿರ್ವಹಣಾ ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. ಪತ್ರ ಬಂದ ಮೇಲೆ ಒಂದು ಸಂಜೆ, ಎಲ್ಲರೂ ಕೆಲಸ ಮುಗಿಸಿ ಮನೆಗೆ ಮರಳಿರುವ ಎಂಟೂವರೆಯ ಹೊತ್ತಿಗೆ, ಮಾರುವವರಿಗೆ ತಿಳಿಸದೆ ಬೇಸ್‌ಮೆಂಟ್‌ಗೆ ಇಳಿದು ಆ ಸ್ಲಾಟ್‌ನಲ್ಲಿ ಯಾರ ಕಾರು ನಿಂತಿದೆ ಎಂದು ನೋಡಿಕೊಂಡು ಬನ್ನಿ.