ಮದುವೆ ಡಿವಿಡಿ ಹಾಳಾಗುವ ಮುಂಚೆ

ಅಕ್ಕನ ಮದುವೆಯ ಮೂರು ಡಿವಿಡಿ ಬೀರುವಿನಲ್ಲಿ ಸೀರೆಗಳ ಕೆಳಗಿದ್ದವು. ಮೊನ್ನೆ ಹಾಕಿ ನೋಡಿದರೆ ಸರಿಯಾಗಿ ಧಾರೆಯ ಹೊತ್ತಿಗೆ ಚಿತ್ರ ನಿಂತುಹೋಯಿತು. ಸಿನಿಮಾ ಡಿವಿಡಿಗಳನ್ನು ಕಾರ್ಖಾನೆಯಲ್ಲಿ ಅಚ್ಚು ಒತ್ತುತ್ತಾರೆ. ಸ್ಟುಡಿಯೋದವರು ಬರ್ನ್ ಮಾಡಿಕೊಡುವ ಡಿಸ್ಕ್‌ನಲ್ಲಿ ಇರುವುದು ಬಣ್ಣದ ಒಂದು ತೆಳು ಪದರ. ಬಿಸಿಲು, ಸೆಕೆಗೆ ಅದು ಕೆಡುತ್ತದೆ. ಹಾಗಾಗಿ ಮೊದಲು ಉಳಿಸಬೇಕಾದ್ದು ಇವನ್ನೇ.

ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ತನ್ನಿ. ಡಿಸ್ಕನ್ನು ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಉಜ್ಜಬೇಡಿ.

ಡಿಸ್ಕ್ ತೆರೆದರೆ ವಿಒಬಿ ಎಂಬ ವಿಡಿಯೋ ಫೈಲ್‌ಗಳು ಕಾಣುತ್ತವೆ, ಒಂದೊಂದೂ ಸುಮಾರು 1 ಜಿಬಿ. ಅವನ್ನು ಸುಮ್ನೆ ಕಾಪಿ ಮಾಡಿದರೆ ಮದುವೆ ತುಂಡು ತುಂಡಾಗಿ ಬರುತ್ತದೆ. ಮೇಕ್‌ಎಂಕೆವಿ ತಂತ್ರಾಂಶ ಅದನ್ನೇ ಒಂದು ಎಂಕೆವಿ ಫೈಲ್ ಮಾಡಿ, ಗುಣಮಟ್ಟ ಕಳೆಯದೆ ಕೊಡುತ್ತದೆ. ಒಂದು ಎಚ್ಚರಿಕೆ: ಎರಡು ನಿಮಿಷಕ್ಕಿಂತ ಚಿಕ್ಕ ಭಾಗಗಳನ್ನು ಅದು ತಾನಾಗಿಯೇ ಬಿಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಮಿತಿ ಇಳಿಸಿಕೊಳ್ಳಿ.

ಆಮೇಲೆ ಆ ಫೈಲನ್ನು ಚಿಕ್ಕದಾಗಿ ಪರಿವರ್ತಿಸಲು ಹ್ಯಾಂಡ್‌ಬ್ರೇಕ್ ತಂತ್ರಾಂಶ. ಇದು ಉಚಿತ. ನಮ್ಮ ಕಡೆಯ ಡಿವಿಡಿ ಹೆಚ್ಚಾಗಿ ಪಾಲ್ ಎಂಬ ಟಿವಿ ಮಾದರಿಯದು, ಅಂದರೆ 720x576, ಸೆಕೆಂಡಿಗೆ 25 ಚಿತ್ರ. ಅದಕ್ಕೆ 'ಫಾಸ್ಟ್ 576ಪಿ25' ಎಂಬ ಸಿದ್ಧ ಸೆಟ್ಟಿಂಗ್ ಆರಿಸಿ. ಗುಣಮಟ್ಟದ ಸಂಖ್ಯೆಯಾದ ಆರ್‌ಎಫ್ 18ರಿಂದ 22ರೊಳಗೆ ಇರಲಿ. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಫಿಲ್ಟರ್ಸ್‌ನಲ್ಲಿ ಡೀಕೋಂಬ್ ಆನ್ ಇದೆಯೇ ನೋಡಿ. ಇಲ್ಲದಿದ್ದರೆ ಅಕ್ಷತೆ ಎರಚುವ ಕೈಗಳ ಅಂಚಿನಲ್ಲೆಲ್ಲ ಬಾಚಣಿಗೆ ಹಲ್ಲಿನಂತಹ ಗೆರೆ ಏಳುತ್ತದೆ. ಇದನ್ನು ಗಮನಿಸದೆ ನಾನು ಇಡೀ ಆರತಕ್ಷತೆಯನ್ನು ಎರಡು ಸಲ ಮಾಡಬೇಕಾಯಿತು. ಮೊದಲು ಐದು ನಿಮಿಷದ ತುಣುಕು ಮಾಡಿ ನೋಡಿ. ಚಿತ್ರದ ಗಾತ್ರವನ್ನು 1080ಕ್ಕೆ ಏರಿಸಲು ಹೋಗಬೇಡಿ, ಇಲ್ಲದ ವಿವರ ಅದರಿಂದ ಬರುವುದಿಲ್ಲ. ಫೈಲ್ ಮಾತ್ರ ಜಾಸ್ತಿ ಆಗುತ್ತದೆ, ಅಷ್ಟೇ.

ಟಿವಿಗೆ ತರಲು ಜೆಲ್ಲಿಫಿನ್ ಸಾಕು. ಕಂಪ್ಯೂಟರ್‌ನಲ್ಲಿರುವ ವಿಡಿಯೋವನ್ನು ಮನೆಯ ಬೇರೆ ಪರದೆಗಳಿಗೆ ಕಳಿಸುವ ತಂತ್ರಾಂಶ ಇದು, ಅದೂ ಉಚಿತ. ಕಂಪ್ಯೂಟರ್‌ನಲ್ಲಿ ಹಾಕಿ, ಫೋಲ್ಡರ್ ತೋರಿಸುವಾಗ 'ಮನೆ ವಿಡಿಯೋ' ವಿಭಾಗವನ್ನೇ ಆರಿಸಿ. 'ಸಿನಿಮಾ' ಅಂತ ಕೊಟ್ಟರೆ ಹೆಸರು ಹುಡುಕಿ ಯಾವುದೋ ಚಿತ್ರದ ಪೋಸ್ಟರ್ ಅಂಟಿಸಿಬಿಡಬಹುದು. ಒಂದೇ ವೈಫೈನಲ್ಲಿರುವ ಆಂಡ್ರಾಯ್ಡ್ ಟಿವಿ, ಫೋನ್ ಎರಡರಲ್ಲೂ ನೋಡಬಹುದು. ಫೈಲಿಗೆ '2009 ಅಕ್ಕನ ಮದುವೆ 1' ಎಂದು ವರ್ಷದಿಂದಲೇ ಹೆಸರಿಡಿ, ಸಾಲಾಗಿ ಬರುತ್ತವೆ.

ಎಂಕೆವಿ ಫೈಲ್‌ಗಳನ್ನು ಇನ್ನೊಂದು ಹಾರ್ಡ್ ಡಿಸ್ಕ್‌ನಲ್ಲೂ ಇಡಿ. ಓದದ ಡಿವಿಡಿಯನ್ನು ಎಸೆಯಬೇಡಿ. ಒಂದು ಡ್ರೈವ್‌ಗೆ ಆಗದ್ದು ಇನ್ನೊಂದಕ್ಕೆ ಆಗುವುದುಂಟು. ನಮ್ಮ ಧಾರೆ ಸಿಕ್ಕಿದ್ದು ಪಕ್ಕದ ಮನೆಯ ಹಳೇ ಕಂಪ್ಯೂಟರ್‌ನಲ್ಲಿ.