ಸೀಲ್ ಹೆಣ್ಣಿನ ಪ್ರೇಮಕಥೆ ಬರೆದದ್ದು ಹೀಗೆ

ನನ್ನ ಕಾದಂಬರಿ ಹುಟ್ಟಿದ್ದು ಒಂದು ಕಳ್ಳತನದ ಕಥೆಯಿಂದ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ, ಸ್ಕಾಟ್ಲೆಂಡಿನಲ್ಲಿ, ಆರ್ಕ್ನಿ ದ್ವೀಪಗಳಲ್ಲಿ ಇದನ್ನು ಹೇಳುತ್ತಾರೆ. ಸೀಲ್ ಅನ್ನುವ ಕಡಲ ಪ್ರಾಣಿಯೊಂದು ದಡಕ್ಕೆ ಬಂದು, ಚರ್ಮ ಕಳಚಿಟ್ಟು ಹೆಣ್ಣಾಗುತ್ತದೆ. ಅವಳಿಗೆ ಮರುಳಾದ ಗಂಡಸು ಆ ಚರ್ಮವನ್ನು ಕದ್ದು ಬಚ್ಚಿಡುತ್ತಾನೆ. ಚರ್ಮವಿಲ್ಲದೆ ಕಡಲಿಗೆ ಹೋಗಲಾರದ ಅವಳು ಅವನನ್ನೇ ಮದುವೆಯಾಗಿ, ಮಕ್ಕಳನ್ನು ಹೆತ್ತು, ಕೊನೆಗೊಂದು ದಿನ ಬಣವೆಯೊಳಗೋ ಅಟ್ಟದ ಮೇಲೋ ಆ ಚರ್ಮ ಸಿಕ್ಕಿದ್ದೇ ತಡ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾಳೆ. ಎಷ್ಟೋ ಕಡೆ ಚರ್ಮ ಕಂಡು ತಾಯಿಗೆ ಹೇಳುವುದು ಏನೂ ಅರಿಯದ ಮಗುವೇ.

ಇದನ್ನು ಪ್ರೇಮಕಥೆ ಅನ್ನೋದು ಹೇಗೆ? ಅವನಿಗೆ ಆಸೆಯಿತ್ತು, ಸರಿ. ಅವಳನ್ನು ಯಾರೂ ಕೇಳಲೇ ಇಲ್ಲ ಅಲ್ವಾ. ನನಗೆ ಅವಳ ಒಪ್ಪಿಗೆಯಿರುವ ಪ್ರೀತಿಯನ್ನು ಬರೆಯಬೇಕಿತ್ತು. ಹಾಗಂತ ಜಾನಪದದ ಕಟ್ಟುಪಾಡುಗಳನ್ನೆಲ್ಲ ಸಡಿಲ ಮಾಡಿ, ಸುಮ್ನೆ ಹೆಸರಿಗೊಬ್ಬ ಸೀಲ್ ಹೆಣ್ಣನ್ನು ತಂದು ನಿಲ್ಲಿಸುವುದೂ ಬೇಡವಾಗಿತ್ತು. ಕಟ್ಟುಪಾಡು ಹಾಗೇ ಇರಬೇಕು, ಪ್ರೀತಿಗೆ ಪರೀಕ್ಷೆ ಬರುವುದೇ ಅದರಿಂದ ಅನ್ನುವುದು ನನ್ನ ನಂಬಿಕೆ.

ನಾನು ಕೆಲಸ ಮಾಡುವುದು ಐರ್ಲೆಂಡಿನ ಪಶ್ಚಿಮದ ಊರು ಗಾಲ್ವೇಯಲ್ಲಿ, ಕಾನಮರಾ ಸೀಮೆಯ ಕಡಲು ಇಲ್ಲಿಂದ ದೂರವಿಲ್ಲ. ಆದರೆ ಕಥೆಗೆ ಬೇಕಾದ್ದು ಜಾಸ್ತಿ ಸಿಕ್ಕಿದ್ದು ಶಾಲಾ ಮಕ್ಕಳ ಬರಹದಲ್ಲಿ. 1935ರಲ್ಲಿ ಶುರುವಾದ ಐರಿಷ್ ಜಾನಪದ ಆಯೋಗ 1937ರಿಂದ 1939ರವರೆಗೆ ಪ್ರಾಥಮಿಕ ಶಾಲೆಯ ಮಕ್ಕಳಿಗೊಂದು ಕೆಲಸ ಹಚ್ಚಿತು. ಮನೆಯ ಹಿರಿಯರ ಹತ್ತಿರ, ನೆರೆಹೊರೆಯವರ ಹತ್ತಿರ ಕಥೆ, ಮನೆಮದ್ದು, ನಂಬಿಕೆ ಎಲ್ಲ ಕೇಳಿ ಬರೆದು ತರಬೇಕು. ಸುಮಾರು 5,000 ಶಾಲೆಗಳು, ಹೆಚ್ಚೂಕಡಿಮೆ 7,40,000 ಪುಟ! ಡಬ್ಲಿನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿರುವ ಈ ಸಂಗ್ರಹವನ್ನು ದೂಖಸ್ ಜಾಲತಾಣದಲ್ಲಿ ದುಡ್ಡಿಲ್ಲದೆ ಓದಬಹುದು. ಯಕ್ಷಿಯರ ನೆಲೆಯೆಂದು ನಂಬುವ ಹಳೆಯ ಮಣ್ಣಿನ ಕೋಟೆಯೊಳಗಿನ ಹಾಥಾರ್ನ್ ಮುಳ್ಳುಗಿಡ ಕಡಿದವನಿಗೆ ಕೇಡಾಯಿತು ಅನ್ನುವುದನ್ನು ಆ ಮಕ್ಕಳು ಆಲೂಗಡ್ಡೆಯ ಬೆಲೆ ಹೇಳುವ ಹಾಗೆ ಬರೆದುಬಿಡುತ್ತಾರೆ. ಬೆರಗಿನ ಒಂದು ಮಾತೂ ಇಲ್ಲ. ನನ್ನ ಬರವಣಿಗೆಗೆ ಅದೇ ದನಿ ಬೇಕು ಅನ್ನಿಸಿತು. ಕಥೆಯನ್ನು 1938ಕ್ಕೇ ಇಟ್ಟೆ. ನಾಯಕ ಕೋಲಂನ ಪುಟ್ಟ ತಂಗಿ ಶಾಲೆಗೆಂದು ಕಥೆ ಕೇಳುತ್ತಾ ಹೋಗಿ ಮನೆಯದೇ ಗುಟ್ಟನ್ನು ಹೊರಗೆಳೆಯುತ್ತಾಳೆ. ಅವರಜ್ಜಿ ಕಡಲಿಂದ ಬಂದವಳು, ಕಡಲಿಗೇ ಹೋದವಳು.

ಕಥೆಯ ಬೆನ್ನೆಲುಬು ಸಿಕ್ಕಿದ್ದು ಗೆಶ್‌ನಿಂದ. ಹಳೆಯ ಐರಿಷ್ ಕಥೆಗಳಲ್ಲಿ ಒಬ್ಬರ ಮೇಲೆ ಬೀಳುವ, ಮೀರಬಾರದ ಕಟ್ಟು ಅದು. ವೀರ ಕೂಹುಲಿನ್‌ಗೆ ಇದ್ದ ಇಂಥವುಗಳಲ್ಲಿ ಎರಡು ಇವು. ನಾಯಿಮಾಂಸ ತಿನ್ನಬಾರದು. ಒಲೆಯ ಹತ್ತಿರ ಹೋದರೆ ಅಲ್ಲಿ ಬೇಯಿಸಿದ್ದನ್ನು ತಿನ್ನದೆ ಮುಂದೆ ಹೋಗಬಾರದು. ದಾರಿಯಲ್ಲಿ ಮುದುಕಿಯರು ನಾಯಿಮಾಂಸವನ್ನೇ ಬೇಯಿಸಿಕೊಂಡು ಅವನನ್ನು ಕರೆಯುತ್ತಾರೆ. ಏನು ಮಾಡಿದರೂ ಒಂದು ಮುರಿಯಲೇಬೇಕು. ನನಗೆ ಬೇಕಾಗಿದ್ದೂ ಇಂಥದೇ ಇಕ್ಕಟ್ಟು.

ಮೊದಲ ಭೇಟಿಯಲ್ಲೇ ಕೋಲಂ ಚರ್ಮವನ್ನು ಸೀಲ್ ಹೆಣ್ಣು ಮುರಿನ್‌ಗೆ ವಾಪಸ್ ಕೊಡುತ್ತಾನೆ. ಅವಳು ಹೋಗುತ್ತಾಳೆ. ಮತ್ತೆ ತಾನಾಗಿಯೇ ಬಂದು, ಚರ್ಮವನ್ನು ಅವನ ಮನೆಯ ಅಟ್ಟದಲ್ಲಿ ತಾನೇ ಇಟ್ಟು, ಇದನ್ನು ನೀನು ಯಾವತ್ತೂ ಮುಟ್ಟಬಾರದು ಅನ್ನುತ್ತಾಳೆ. ಶಂತನು, ಗಂಗೆಯ ಕಥೆ ಕೇಳಿ ಬೆಳೆದ ನಮ್ಮ ಓದುಗರಿಗೆ ಹೆಣ್ಣು ಹಾಕುವ ಷರತ್ತನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಎರಡನೆಯ ಕಟ್ಟು ಮನೆತನದ್ದು. ಕಾನಮರಾದ ಕನೀಲಿ ಮನೆತನದವರು ಸೀಲ್ ವಂಶದವರು, ಅವರು ಸೀಲ್‌ಗಳನ್ನು ಕೊಲ್ಲುವುದಿಲ್ಲ ಅನ್ನುವ ಐತಿಹ್ಯ ಇದೆ. ಅದನ್ನು ನೆನೆದು, ಸೀಲ್‌ಗೆ ಸೇರಿದ ಯಾವುದಕ್ಕೂ ಕೇಡಾಗಲು ಬಿಡಬಾರದು ಅನ್ನುವ ನೇಮವನ್ನು ಕೋಲಂನ ಮನೆಗೆ ಕೊಟ್ಟೆ.

ಆಮೇಲೆ ಒಂದು ಬಿರುಗಾಳಿಯ ದಿನ ಒಲೆಯ ಕಿಡಿ ಹಾರಿ ಹುಲ್ಲಿನ ಸೂರಿಗೆ ಬೆಂಕಿ ಹತ್ತುತ್ತದೆ. ಮುರಿನ್ ಮನೆಯಲ್ಲಿಲ್ಲ. ಚಳಿಗಾಲ ಮುಗಿಯುತ್ತಾ ಬಂದಾಗ ಗ್ರೇ ಸೀಲ್‌ಗಳಿಗೆ ಹಳೆಯ ರೋಮ ಉದುರುತ್ತದೆ, ಆಗ ಅವು ಜಾಸ್ತಿ ಹೊತ್ತು ಬಂಡೆಗಳ ಮೇಲೇ ಇರುತ್ತವೆ. ಅದಕ್ಕೇ ಆ ದಿನಗಳಲ್ಲಿ ಅವಳೂ ಮನೆಯೊಳಗೆ ನಿಲ್ಲಲಾರಳು. ಕೋಲಂ ಚರ್ಮವನ್ನು ಎಳೆದುಕೊಂಡು ದಡಕ್ಕೆ ಓಡುತ್ತಾನೆ.

"ಮುಟ್ಟಿದೆಯಾ?"

"ಹೂಂ."

"ಸುಟ್ಟುಹೋಗಲಿ ಅಂತ ಬಿಡಬಹುದಿತ್ತಲ್ಲ. ನಾನು ಇಲ್ಲೇ ಇರ್ತಿದ್ದೆ."

"ಅದಕ್ಕೇ ಬಿಡಲಿಲ್ಲ."

ಈ ನಾಲ್ಕು ಸಾಲು ಬಂದ ಮೇಲೆಯೇ ಇದು ಪ್ರೇಮಕಥೆ ಅಂತ ನನಗೆ ಖಾತ್ರಿಯಾದದ್ದು. ಮಾತು ಉಳಿಸಿಕೊಂಡಿದ್ದರೆ ಅವಳು ಅವನವಳಾಗಿಯೇ ಉಳಿಯುತ್ತಿದ್ದಳು, ತನ್ನ ಕಡಲನ್ನು ಕಳೆದುಕೊಂಡು. ಅವನು ಮಾತು ಮುರಿದ, ಅವಳ ಕಡಲು ಅವಳಿಗೆ ಉಳಿಯಿತು.

ಹಸ್ತಪ್ರತಿ ಓದಿದ ಕೆಲವರು ಕೊನೆಯಲ್ಲಿ ಅವರಿಬ್ಬರನ್ನೂ ಒಂದು ಮಾಡಿ ಅಂತ ಕೇಳಿಕೊಂಡರು. ಅವರ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಮುರಿನ್ ಹೋಗುವುದನ್ನು ನಾನು ಬದಲಾಯಿಸಲಿಲ್ಲ. ಗೆಶ್ ಮುರಿದರೆ ಬೆಲೆ ತೆರಲೇಬೇಕು, ಇಲ್ಲದಿದ್ದರೆ ಅಲ್ಲಿಯವರೆಗಿನ ಪುಟಗಳಿಗೆ ಅರ್ಥವೇ ಇರುವುದಿಲ್ಲ. ಮರುವರ್ಷದ ಸೌವಿನ್ ಹಬ್ಬದ ರಾತ್ರಿ ಅವಳು ಬರುತ್ತಾಳೆ, ನಿಜ. ಅಕ್ಟೋಬರ್ 31ರ ಆ ರಾತ್ರಿ ಎರಡು ಲೋಕಗಳ ನಡುವಿನ ಬಾಗಿಲು ತೆರೆದಿರುತ್ತದೆ ಅನ್ನುವುದು ಅಲ್ಲಿನ ಹಳೆಯ ನಂಬಿಕೆ. ಆದರೆ ಈ ಸಲ ಚರ್ಮ ಅವಳ ಹೆಗಲ ಮೇಲೇ ಇರುತ್ತದೆ, ಅವನ ಅಟ್ಟದಲ್ಲಿ ಅಲ್ಲ.

ಈಗ ಕೈಗೆತ್ತಿಕೊಂಡಿರುವುದು ಹಳೆಯ ಐರಿಷ್ ಪುರಾಣದ ಮಿಡಿರ್ ಮತ್ತು ಏಡೀನರ ಕಥೆ. ಮರುಹುಟ್ಟು ಪಡೆದ ಏಡೀನ್‌ಗೆ ಹಳೆಯ ಗಂಡ ಮಿಡಿರ್‌ನ ನೆನಪೇ ಇಲ್ಲ. ಈಗವಳು ರಾಜನ ಹೆಂಡತಿ. ಮಿಡಿರ್ ಬಂದು ಮಣೆಯಾಟದಲ್ಲಿ ರಾಜನನ್ನು ಸೋಲಿಸಿ ಅವಳದೊಂದು ಅಪ್ಪುಗೆಯನ್ನು ಗೆಲ್ಲುತ್ತಾನೆ. ಅಪ್ಪಿಕೊಂಡ ಇಬ್ಬರೂ ಮೇಲೇರಿ, ಹಂಸಗಳಾಗಿ ರಾಜನ ನೆಲೆಯಾದ ತಾರಾ ಅನ್ನುವ ಊರಿಂದ ಹಾರಿಹೋಗುತ್ತಾರೆ. ಇಲ್ಲೂ ಅವಳನ್ನು ಪಣಕ್ಕಿಟ್ಟಿದ್ದಾರೆ. ಆದರೆ ಅದಕ್ಕೂ ಮುಂಚೆ, ನನ್ನ ಗಂಡ ಒಪ್ಪಿ ಕಳಿಸಿದರೆ ಬರ್ತೀನಿ ಅಂತ ಏಡೀನಳೇ ಮಿಡಿರ್‌ಗೆ ಹೇಳುವ ಒಂದು ಮಾತಿದೆ. ನಾನು ಅಲ್ಲಿಂದಲೇ ಶುರು ಮಾಡುತ್ತಿದ್ದೇನೆ.