ಡಬ್ಬಿನೋ ಕಡ್ಡಿನೋ: ಕರಿಹಲಗೆ ಬಿಡಿಸಿದ ಜಗಳ

ಬ್ಯಾಡಗಿಯಲ್ಲಿ ನಮ್ಮ ಕಾಕಾಂದು ಮೆಣಸಿನಕಾಯಿ ದಲಾಲಿ ಅಂಗಡಿ. ಕೈಬರಹದ ಚೀಟಿ ಓದಿ ಲೆಕ್ಕಕ್ಕೆ ಏರಿಸೋ ಪ್ರೋಗ್ರಾಂ ಬರೆದಿದ್ದೆ. ಅಕ್ಷರ ಓದೋ ಭಾಗ, ದರ ತಾಳೆ ನೋಡೋ ಭಾಗ ಒಂದನ್ನೊಂದು ನೇರವಾಗಿ ಕರೀತಿದ್ದವು. ಮಸಿ ಹರಡಿದ ಚೀಟಿ ಬಂದ್ರೆ ಒಂದು ‘ಕಡ್ಡಿ’ ಅಂತ ಬರೆಯೋದು, ಇನ್ನೊಂದು ಅಳಿಸಿ ‘ಡಬ್ಬಿ’ ಅನ್ನೋದು (ಎರಡೂ ಮೆಣಸಿನಕಾಯಿ ತಳಿಗಳು). ಈ ಸುತ್ತು ಮುಗೀದೆ ಲ್ಯಾಪ್‌ಟಾಪ್ ಫ್ಯಾನ್ ಕೂಗ್ತಾನೇ ಇರ್ತಿತ್ತು.

ಕಾಕಾಗೆ ತೋರಿಸಿದೆ. ಅಕ್ಷರ ನೋಡ್ಲೇ ಇಲ್ಲ. “ಇಷ್ಟ್ ರೇಟಿಗೆ ಕಡ್ಡಿ ಯಾರ್ ತಗೋತಾರೋ ತಮ್ಮಾ? ಡಬ್ಬೀನ ಇದು.”

ಆಗ ನೆನಪಾಗಿದ್ದು ಬ್ಲ್ಯಾಕ್‌ಬೋರ್ಡ್ ವಿನ್ಯಾಸ. 1970ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಿಯರ್‌ಸೇ-2 ಅನ್ನೋ ಪ್ರೋಗ್ರಾಂ ಮಾತು ಗುರುತಿಸಿದ್ದು ಹೀಗೇ: ಧ್ವನಿ, ಪದ, ವಾಕ್ಯ ಬಲ್ಲ ಘಟಕಗಳು ಪರಸ್ಪರ ಕರೆಯದೆ ಒಂದೇ ಹಲಗೆ ಮೇಲೆ ಊಹೆ ಬರೀತಿದ್ದವು, ಮುಂದೆ ಯಾರ ಸರದಿ ಅಂತ ಶೆಡ್ಯೂಲರ್ ಆರಿಸ್ತಿತ್ತು.

ನೇರ ಕರೆಗಳನ್ನೆಲ್ಲ ಕಿತ್ತುಹಾಕಿದೆ. ನನ್ನ ಹಲಗೆ ಅಂದ್ರೆ ಒಂದು ಪೈಥಾನ್ ಡಿಕ್ಷನರಿ (ಹೆಸರಿನ ಎದುರು ಮಾಹಿತಿ ಇಡೋ ಪಟ್ಟಿ), ಅಷ್ಟೇ. ಪ್ರತಿ ಊಹೆಗೂ ಎಷ್ಟು ನಂಬಬಹುದು ಅನ್ನೋ ಅಂಕ; ಒಬ್ಬರದ್ದನ್ನ ಇನ್ನೊಬ್ಬರು ಅಳಿಸೋ ಹಾಗಿಲ್ಲ. ಕಡ್ಡಿ 0.55, ಡಬ್ಬಿ 0.45 ಇದ್ದದ್ದು ದರ ನೋಡಿದ ಮೇಲೆ ಅದಲುಬದಲಾಯ್ತು. ಆದ್ರೂ ಸುತ್ತು ನಿಲ್ಲಲಿಲ್ಲ! ಹಳೇ ಊಹೆಯನ್ನೇ ಮತ್ತೆ ಬರೆದರೂ ಹೊಸದು ಅಂತ ಎಲ್ಲರನ್ನೂ ಎಬ್ಬಿಸ್ತಿದ್ದೆ. ಅಂಕ ಬದಲಾದ್ರೆ ಮಾತ್ರ ಎಬ್ಬಿಸು ಅಂತ ಒಂದು ಸಾಲು ಸೇರಿಸಿದೆ, ಫ್ಯಾನ್ ಸುಮ್ಮನಾಯ್ತು. ಅಂಕ ತೀರಾ ಹತ್ತಿರ ಇದ್ರೆ ಚೀಟಿ ಈಗ್ಲೂ ಕಾಕಾನ ಮುಂದೇ ಹೋಗ್ತದೆ.